ಚಕ್ರ ವಾಲಿದ್ದು ಹೇಗೆ?

ಹೊಸದಾಗಿ ಕೈಗೆ ಬಂದ ಕ್ಯಾಮೆರಾವನ್ನು ಪಳಗಿಸಲು ಮೋಟಾರ್ ರೇಸಿಗಿಂತ ಕೆಟ್ಟ ಜಾಗವಿಲ್ಲ. ಗೊತ್ತಿದ್ದೂ ಹೋಗಿದ್ದೆ. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಬೇಲಿಗೆ ಆತು ನಿಂತಿದ್ದೆ. ಕೊರಳಲ್ಲಿ ಸೆಕೆಂಡ್‌ಹ್ಯಾಂಡ್ ಫಿಲಂ ಕ್ಯಾಮೆರಾ, ಅದರೊಳಗೆ 36 ಚಿತ್ರಗಳ ಒಂದೇ ಒಂದು ರೋಲು. ಸದ್ದು ಕೇಳಿ ಕ್ಯಾಮೆರಾ ಎತ್ತುವಷ್ಟರಲ್ಲಿ ಕಾರು ತಿರುವು ದಾಟಿರುತ್ತಿತ್ತು. ರೋಲು ತೊಳೆಸಿದ ಮೇಲೆ ನೋಡಿದರೆ ಹೆಚ್ಚಿನವುಗಳಲ್ಲಿ ಬರೀ ರಸ್ತೆ, ಕೆಲವದರಲ್ಲಿ ಕಾರಿನ ಬಾಲ. ನಾನು ಆಸೆಪಟ್ಟು ಹೋಗಿದ್ದ ವಾಲಿದ ಚಕ್ರ ಮಾತ್ರ ಒಂದರಲ್ಲೂ ಇರಲಿಲ್ಲ.

ಆ ಚಕ್ರದ ಹುಚ್ಚು ಹಿಡಿಸಿದವನು ಝಾಕ್ ಆನ್ರಿ ಲಾರ್ತಿಗ್. 1894ರಲ್ಲಿ ಪ್ಯಾರಿಸ್ ಪಕ್ಕದ ಕೂರ್ಬ್‌ವಾದಲ್ಲಿ ಹುಟ್ಟಿದ ಸಿರಿವಂತರ ಮನೆಯ ಹುಡುಗ. ಎಂಟು ತುಂಬುವ ಹೊತ್ತಿಗೇ ಅಪ್ಪ ಕ್ಯಾಮೆರಾ ಕೊಡಿಸಿದ್ದರು. ಅಣ್ಣ ಮನೆಯಲ್ಲೇ ಕಟ್ಟಿದ ಗ್ಲೈಡರ್, ಮೆಟ್ಟಿಲ ಮೇಲಿಂದ ಹಾರುವ ಬಂಧುಗಳು, ಉರುಳಿ ಬೀಳುವ ಆಟದ ಗಾಡಿ, ಹೀಗೆ ನಿಂತಲ್ಲಿ ನಿಲ್ಲದ ಎಲ್ಲವೂ ಅವನಿಗೆ ಚಿತ್ರವೇ. ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ಬಿನ ಗ್ರಾನ್ ಪ್ರೀ ರೇಸಿಗೆ ಅವನು ಹೋಗದೆ ಇರುತ್ತಾನೆಯೇ?

ಅಲ್ಲಿ ತೆಗೆದ ಒಂದು ಚಿತ್ರದಲ್ಲಿ 6 ನಂಬರಿನ ಕಾರು ಬಲಕ್ಕೆ ನುಗ್ಗುತ್ತಿದೆ. ಮೂತಿ ಚೌಕಟ್ಟಿನಾಚೆ ಹೋಗಿಬಿಟ್ಟಿದೆ. ಹಿಂದಿನ ಚಕ್ರ ಮೊಟ್ಟೆಯಾಕಾರ ತಾಳಿ ಮುಂದಕ್ಕೆ ಬಾಗಿದೆ. ರಸ್ತೆಯಂಚಿನ ಜನ, ಕಂಬಗಳು ಮಾತ್ರ ಗಾಳಿಗೆ ಸಿಕ್ಕವರಂತೆ ಎಡಕ್ಕೆ ವಾಲಿದ್ದಾರೆ.

ಇದರಲ್ಲಿ ಮಾಯವೇನಿಲ್ಲ. ಅಂದಿನ ಕ್ಯಾಮೆರಾದಲ್ಲಿ ಗಾಜಿನ ಫಲಕದ ಮುಂದೆ ಒಂದು ಪರದೆ, ಪರದೆಯಲ್ಲೊಂದು ಸೀಳು. ಗುಂಡಿ ಒತ್ತಿದರೆ ಆ ಸೀಳು ಮೇಲಿಂದ ಕೆಳಕ್ಕೆ ಸರಿಯುತ್ತ ಫಲಕಕ್ಕೆ ಪಟ್ಟಿಪಟ್ಟಿಯಾಗಿ ಬೆಳಕು ಕೊಡುತ್ತದೆ. ಕ್ಯಾಮೆರಾದೊಳಗೆ ಲೋಕ ತಲೆಕೆಳಗಾಗಿರುವುದರಿಂದ ಮೊದಲು ದಾಖಲಾಗುವುದು ನೆಲ, ಕೊನೆಗೆ ತಲೆ. ಚಕ್ರದ ಬುಡ ಮೂಡಿ ಅದರ ನೆತ್ತಿ ಮೂಡುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ. ಅದಕ್ಕೇ ಚಕ್ರ ಮುಂದಕ್ಕೆ ಬಾಗಿದ್ದು.

ಹಾಗಾದರೆ ನಿಂತಿದ್ದ ಜನ ಏಕೆ ವಾಲಿದರು? ನನಗೆ ಈ ಚಿತ್ರದ ಸ್ವಾರಸ್ಯವೆಲ್ಲ ಇಲ್ಲಿದೆ. ಕಾರು ಓಡಿದತ್ತ ಹುಡುಗ ಕ್ಯಾಮೆರಾವನ್ನೂ ತಿರುಗಿಸಿದ. ಕ್ಯಾಮೆರಾ ಬಲಕ್ಕೆ ತಿರುಗಿದಾಗ ನಿಂತದ್ದೆಲ್ಲ ಎಡಕ್ಕೆ ಜಾರುತ್ತದೆ. ಅವನು ತಿರುಗಿಸದೇ ಇದ್ದಿದ್ದರೆ ಜನ ನೆಟ್ಟಗಿರುತ್ತಿದ್ದರು. ಕಾರಿನ ವೇಗಕ್ಕೆ ಸರಿಸಮನಾಗಿ ತಿರುಗಿಸಿದ್ದರೆ ಚಕ್ರ ದುಂಡಗೇ ಬರುತ್ತಿತ್ತು. ತಿರುಗಿಸಿದ, ಆದರೆ ಸಾಲದಷ್ಟು ತಿರುಗಿಸಿದ. ಆ ಅರೆಬರೆಯಲ್ಲಿ ಎರಡೂ ಸಿಕ್ಕವು. ಅವನು ಅದನ್ನು ಕೆಟ್ಟ ಚಿತ್ರವೆಂದೇ ಬದಿಗಿಟ್ಟನೆಂದು ಹೇಳುತ್ತಾರೆ. ಮೂತಿಯಿಲ್ಲದ ಕಾರನ್ನು ಯಾರು ತಾನೇ ಗೋಡೆಗೆ ತೂಗುಹಾಕುತ್ತಾರೆ!

(ನನ್ನ ಕ್ಯಾಮೆರಾದ ಪರದೆ ಅಡ್ಡಡ್ಡ ಓಡುವಂಥದ್ದು. ಅದನ್ನು ಅಡ್ಡ ಹಿಡಿದರೆ ಕಾರು ಒಂದಿಷ್ಟು ಉದ್ದವಾದೀತು, ಗಿಡ್ಡವಾದೀತು, ವಾಲುವುದಿಲ್ಲ. ಇದು ಹೊಳೆದದ್ದು ರೋಲು ಮುಗಿದ ಮೇಲೆ.)

ಚಿತ್ರದ ಜಾತಕವೂ ವಾಲಿಕೊಂಡೇ ಇತ್ತು. ‘ಡೆಲಾಜ್ ಕಾರು, 1912’ ಎಂದೇ ದಶಕಗಟ್ಟಲೆ ಅಚ್ಚಾಗುತ್ತ ಬಂತು. ಆದರೆ 1912ರ ಜೂನಿನಲ್ಲಿ ದಿಯೆಪ್‌ನಲ್ಲಿ ನಡೆದ ಗ್ರಾನ್ ಪ್ರೀಯಲ್ಲಿ ಡೆಲಾಜ್ ಓಡಲೇ ಇಲ್ಲ. ಅದು ಶ್ನೈಡರ್ ಕಾರು, ರೇಸು 1913ರ ಜುಲೈಯಲ್ಲಿ ಅಮಿಯಾಂ ಬಳಿ ನಡೆದದ್ದು ಎಂದು ರೇಸಿನ ಇತಿಹಾಸ ಬಲ್ಲವರು ಮುಂದೆ ಪತ್ತೆ ಹಚ್ಚಿದರು. ಎರಡೂ ವರ್ಷ ಗೆದ್ದದ್ದು ಪೆಜೊ ಓಡಿಸಿದ ಜಾರ್ಜ್ ಬ್ವಾಲೊ. ಗೆದ್ದ ಕಾರನ್ನು ಬಿಟ್ಟು ಈ ಅರ್ಧ ಕಾರು ಜನರ ನೆನಪಿನಲ್ಲಿ ಉಳಿಯಿತು.

ಕಾಮಿಕ್ಸ್ ಬಿಡಿಸುವವರು ಓಡುವ ಕಾರಿನ ಚಕ್ರವನ್ನು ಓರೆಯಾಗಿ ಬರೆಯುವುದು ಇಂಥ ಪರದೆಗಳ ಬಳುವಳಿ. ಹಾಗೆಂದು ಅವರು ಲಾರ್ತಿಗ್‌ನಿಂದ ಕದ್ದರು ಅನ್ನುವಂತಿಲ್ಲ. ಅದೇ ಬಗೆಯ ಕ್ಯಾಮೆರಾ ಹಿಡಿದ ಪತ್ರಿಕಾ ಛಾಯಾಗ್ರಾಹಕರ ರೇಸಿನ ಚಿತ್ರಗಳಲ್ಲೂ ಚಕ್ರ ವಾಲುತ್ತಿತ್ತು. ಇತ್ತ ಲಾರ್ತಿಗ್ ಚಿತ್ರಕಲಾವಿದನಾಗಿ ಬದುಕಿದ, ಫೋಟೊಗಳು ಆಲ್ಬಮ್ಮುಗಳಲ್ಲಿ ಕುಳಿತವು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಜಾನ್ ಝಾರ್ಕೋವ್‌ಸ್ಕಿ ಅವನ್ನು ಪ್ರದರ್ಶನಕ್ಕಿಟ್ಟರು. ಅದೇ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯೂ ಅಚ್ಚು ಹಾಕಿತು. ಅಧ್ಯಕ್ಷ ಕೆನಡಿ ಹತ್ಯೆಯ ವರದಿ ಇದ್ದ ಸಂಚಿಕೆ ಅದು, ಜಗತ್ತೆಲ್ಲ ಕೊಂಡು ಓದಿತು. ಹವ್ಯಾಸಿ ಫೋಟೊಗ್ರಾಫರ್ ತನ್ನ 69ನೇ ವಯಸ್ಸಿನಲ್ಲಿ ದಿಢೀರನೆ ಪ್ರಸಿದ್ಧನಾದ.

ಆ ಪರದೆ ಇಂದು ಎಲ್ಲರ ಜೇಬಿನಲ್ಲೂ ಇದೆ, ಬೇರೆ ರೂಪದಲ್ಲಿ. ಮೊಬೈಲಿನ ಸೆನ್ಸರ್ ಕೂಡ ದೃಶ್ಯವನ್ನು ಒಮ್ಮೆಲೇ ಓದದೆ ಸಾಲುಸಾಲಾಗಿ ಓದುತ್ತದೆ. ಮುಂದಿನ ಸಲ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಫೋನನ್ನು ಅಡ್ಡ ಹಿಡಿದು ಹತ್ತಿರದ ಕಂಬಗಳ ಫೋಟೊ ತೆಗೆಯಿರಿ, ವಾಲಿರುತ್ತವೆ. ಆಮೇಲೆ ಫೋನನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಈ ಸಲ ಕಂಬಗಳು ವಾಲುವುದು ಆ ಕಡೆಗೆ.