ತೊಟ್ಟಿಯ ತಳದಲ್ಲಿ ಟರ್ಬಟ್

ಸ್ಪೇನಿನ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಕರಾವಳಿ. ಬಂಡೆಯಂಚಿಗೆ ಕಟ್ಟಿದ ಉದ್ದುದ್ದ ಶೆಡ್ಡುಗಳನ್ನು ಹೊರಗಿನಿಂದ ನೋಡಿದವರು ಗೋದಾಮು ಅಂದುಕೊಂಡಾರು. ಆದರೆ ಪಂಪುಗಳ ಸದ್ದು ಬಿಡದೆ ಕೇಳುತ್ತದೆ: ಅಟ್ಲಾಂಟಿಕ್ ನೀರನ್ನು ಹಗಲೂ ರಾತ್ರಿ ಮೇಲೆತ್ತುತ್ತಲೇ ಇರಬೇಕು. ಬೂಟು ಹಾಕಿಕೊಂಡು, ಔಷಧಿ ನೀರಿನಲ್ಲಿ ಕಾಲದ್ದಿ ಒಳಗೆ ಹೋದೆ.

ಇಲ್ಲಿ ಸಾಕುವುದು ಟರ್ಬಟ್ ಎಂಬ ಚಪ್ಪಟೆ ಮೀನು. ಮೊದಲಿಗೆ ಸಿಗುವುದು ಮರಿಗಳ ಕೋಣೆ. ಇವಕ್ಕೆ ಶುರುವಿನಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಜೀವಿ, ಆಮೇಲೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿ ಮೇವು. ಎರಡನ್ನೂ ಇಲ್ಲೇ ಜೀವಂತ ಬೆಳೆಸುತ್ತಾರೆ. ಹುಟ್ಟಿದಾಗ ಎಲ್ಲ ಮೀನಿನಂತೆ ನೆಟ್ಟಗೆ ಈಜುವ ಮರಿಯ ಬಲಗಣ್ಣು ಕೆಲವೇ ವಾರಗಳಲ್ಲಿ ತಲೆ ದಾಟಿ ಎಡಗಡೆಗೆ ಬರುತ್ತದೆ. ಗಾಜಿನ ಬಟ್ಟಲಲ್ಲಿ ಒಂದು ಮರಿ ಕಣ್ಣನ್ನು ನೆತ್ತಿಯ ಮೇಲೆಯೇ ಇಟ್ಟುಕೊಂಡಿತ್ತು, ಇನ್ನೂ ಅರ್ಧ ದಾರಿಯಲ್ಲಿ.

ಮುಂದಿನ ಶೆಡ್ಡಿನಲ್ಲಿ ಮಂದ ಬೆಳಕು, ಚಳಿ. ತೊಟ್ಟಿ ಖಾಲಿಯೇನೋ ಅನ್ನಿಸಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ತಳವೇ ಉಸಿರಾಡುತ್ತಿದೆ! ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ ಮೀನಿನ ಮೇಲೆ ಮೀನು. ತಳದಲ್ಲೇ ಮಲಗುವ ಜಾತಿಯಾದ್ದರಿಂದ ಎಷ್ಟು ಮೀನು ಬಿಡಬಹುದೆಂಬ ಲೆಕ್ಕವೂ ನೀರಿನ ಆಳದ್ದಲ್ಲ, ಚದರ ಮೀಟರಿನದು. ಒಂದನ್ನು ಮುಟ್ಟಿದೆ. ಹುರುಪೆ ಇಲ್ಲ, ಚರ್ಮದ ತುಂಬ ಮೂಳೆಯ ಸಣ್ಣ ಗುಬುಟುಗಳು. ನಮ್ಮ ಮಂಗಳೂರು ಕಡೆಯ ನಂಗ್ ಕೂಡ ಚಪ್ಪಟೆ ಮೀನೇ. ಆದರೆ ಅದನ್ನು ತವಾದಲ್ಲಿ ಹುರಿದು ತಿನ್ನುವ ನಮಗೆ ಇದರ ಗಾತ್ರವೇ ವಿಚಿತ್ರ.

ಗಾತ್ರದ ಗುಟ್ಟು ತಿಳಿದದ್ದು ವಿಂಗಡಣೆಯ ಮೇಜಿನ ಹತ್ತಿರ. ಇಲ್ಲಿ ದೊಡ್ಡ ಮೀನಿಗೆ ಕಿಲೋ ದರವೇ ಜಾಸ್ತಿ. ಒಂದೊಂದು ಕಿಲೋದ ಎರಡು ಮೀನಿಗಿಂತ ಎರಡು ಕಿಲೋದ ಒಂದೇ ಮೀನು ಹೆಚ್ಚು ಹಣ ತರುತ್ತದೆ. ಬಾಸ್ಕ್ ಕರಾವಳಿಯ ಗೆತಾರಿಯಾದಂಥ ಊರುಗಳಲ್ಲಿ ಇದನ್ನು ಇಡಿಯಾಗಿ ಕೆಂಡದ ಮೇಲೆ ಸುಟ್ಟು ಮೇಜಿಗೆ ತರುತ್ತಾರೆ, ನಾಲ್ಕು ಜನ ಹಂಚಿಕೊಳ್ಳುತ್ತಾರೆ. ಹಾಗೆಂದು ಸಾಕುತ್ತಲೇ ಹೋಗುವಂತಿಲ್ಲ. ಮಾರುವ ತೂಕಕ್ಕೆ ಬರಲು ಸುಮಾರು ಎರಡು ವರ್ಷ ಬೇಕು. ಅದರಾಚೆ ಇಟ್ಟ ಪ್ರತಿ ತಿಂಗಳಿಗೂ ಮೇವು, ಆಮ್ಲಜನಕ, ಕರೆಂಟಿನ ಖರ್ಚು. ಗಂಡಿಗಿಂತ ಹೆಣ್ಣು ಬೇಗ ಬೆಳೆಯುತ್ತದೆ. ಮೇಜಿನ ಮೇಲೆ ಯಾವುದು ಗಂಡು, ಯಾವುದು ಹೆಣ್ಣು ಎಂದು ನನಗಂತೂ ಗೊತ್ತಾಗಲಿಲ್ಲ.

ಐಸ್ ನೀರಿನ ತೊಟ್ಟಿ ದಾಟಿದರೆ ಪ್ಯಾಕಿಂಗ್. ಕೆಲಸದವರು ಪ್ರತಿ ಮೀನನ್ನೂ ಮಗುಚಿ ಕೆಳಗಡೆಯ ಮೈ ನೋಡುತ್ತಾರೆ. ಅದು ಹಾಲಿನಷ್ಟು ಬಿಳಿಯಿರಬೇಕು. ಸಾಕಿದ ಮೀನಿನಲ್ಲಿ ಕೆಲವೊಮ್ಮೆ ಅಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ರುಚಿಗೆ ಅದರಿಂದೇನೂ ಆಗದು, ದರ ಮಾತ್ರ ಇಳಿಯುತ್ತದೆ. ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿ ಹಿಡಿದದ್ದೋ ಸಾಕಿದ್ದೋ ಎಂದು ಬರೆಯುವುದು ಯುರೋಪಿನಲ್ಲಿ ಕಡ್ಡಾಯ. ಉತ್ತರ ಸಮುದ್ರದಲ್ಲಿ ಬಲೆಗೆ ಬಿದ್ದ ದೊಡ್ಡ ಟರ್ಬಟ್‌ಗೆ ಇಂದಿಗೂ ಹೆಚ್ಚಿನ ಬೆಲೆ. ಅದು ಗಳಿಸಿಟ್ಟ ಹೆಸರಿನ ಬಡ್ಡಿಯಲ್ಲಿ ತೊಟ್ಟಿಯ ಮೀನು ಬದುಕುತ್ತಿದೆ ಅಂತ ನನ್ನ ಲೆಕ್ಕ.

ಐಸ್ ತುಂಬುವಾಗ ಮಾತು ಚೀನಾಕ್ಕೆ ಹೊರಳಿತು. 1992ರಲ್ಲಿ ಯುರೋಪಿನಿಂದ ಈ ಮೀನನ್ನು ಒಯ್ದ ಚೀನಾ ಈಗ ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುತ್ತದೆ, ಹತ್ತಾರು ಸಾವಿರ ಟನ್. ಸ್ಪೇನಿನದು ಕೆಲವು ಸಾವಿರ ಟನ್ ಅಷ್ಟೆ. ಆದರೂ ಎರಡೂ ಅಷ್ಟಾಗಿ ಎದುರುಬದುರಾಗುವುದಿಲ್ಲ. ಚೀನಾದ ಶಾಂಡೊಂಗ್ ಕರಾವಳಿಯ ಮೀನು ಹೆಚ್ಚಾಗಿ ಆ ದೇಶದೊಳಗೇ, ಹೋಟೆಲಿನ ಗಾಜಿನ ತೊಟ್ಟಿಗಳಲ್ಲಿ ಜೀವಂತ ಮಾರಾಟವಾಗುತ್ತದೆ. ಇಲ್ಲಿಯದು ಐಸಿನಲ್ಲಿ ಲಾರಿಯೇರುತ್ತದೆ. 2006ರಲ್ಲಿ ಶಾಂಘೈನಲ್ಲಿ ಮೀನಿನೊಳಗೆ ನಿಷಿದ್ಧ ಔಷಧಿಯ ಅಂಶ ಸಿಕ್ಕಾಗ ಅಲ್ಲಿ ದರ ನೆಲ ಕಚ್ಚಿತ್ತು.

ಲಾರಿ ಕಟ್ಟೆಯಲ್ಲಿ ಪೆಟ್ಟಿಗೆಗಳನ್ನು ಹೋಗುವ ಕಡೆಯ ಪ್ರಕಾರ ಜೋಡಿಸಿದ್ದರು: ಮ್ಯಾಡ್ರಿಡ್, ಫ್ರಾನ್ಸ್, ಇಟಲಿ. ಹಿಂದಿನ ಶೆಡ್ಡಿನ ಒಂದು ತೊಟ್ಟಿಯ ಮೀನನ್ನು ಮಾತ್ರ ಮುಟ್ಟಿರಲಿಲ್ಲ. ಅವು ಡಿಸೆಂಬರ್‌ಗೆ, ಕ್ರಿಸ್‌ಮಸ್ ದರಕ್ಕೆ ಎಂದರು. ಅಲ್ಲಿಯವರೆಗಿನ ಮೇವಿನ ಖರ್ಚು ಗಿಟ್ಟುತ್ತದೆಯೇ ಎಂದು ಕೇಳಿದೆ. ಕೆಲವು ವರ್ಷ ಗಿಟ್ಟುತ್ತದೆ ಎಂದು ನಕ್ಕರು.