ಟನ್ನಿಗೆ ಹದಿನಾರು ಗ್ರಾಂ

ಕುಸ್ತಿಯಲ್ಲಿ ಸೋಲಿನ ಲೆಕ್ಕ ಬಹಳ ಚಿಕ್ಕದು. ಎರಡು ಭುಜ ಒಟ್ಟಿಗೆ ಮಣ್ಣಿಗೆ ತಾಗಿದರೆ ಚಿತ್. ಅಷ್ಟೇ. ಆ ಎರಡು ಭುಜ ನೆಲ ಮುಟ್ಟದಂತೆ ನೋಡಿಕೊಳ್ಳಲು ಪೈಲ್ವಾನನೊಬ್ಬ ಮಾಡುವ ಸಾಧನೆಯ ಲೆಕ್ಕ ಮಾತ್ರ ತಲೆ ತಿರುಗಿಸುವಂಥದ್ದು.

ಒಬ್ಬ ಹುಡುಗ ದಿನಕ್ಕೆ 500 ದಂಡ ಹೊಡೆಯುತ್ತಾನೆ ಎಂದಿಟ್ಟುಕೊಳ್ಳಿ. ಹಳೆಯ ಗರಡಿಗಳಲ್ಲಿ ಇದು ದೊಡ್ಡ ಮಾತಲ್ಲ, ಸಾವಿರ ಹೊಡೆಯುವವರ ಕಥೆಗಳೇ ಅಲ್ಲಿ ಮಾಮೂಲು. ಹತ್ತು ವರ್ಷಕ್ಕೆ 18,25,000 ದಂಡವಾಯಿತು. ಪ್ರತಿ ದಂಡಕ್ಕೂ ಎದೆ ಒಂದೂವರೆ ಅಡಿ ಕೆಳಗಿಳಿದರೆ ಒಟ್ಟು ಇಳಿದದ್ದು 27 ಲಕ್ಷ ಅಡಿಗೂ ಹೆಚ್ಚು, ಎಂದರೆ 830 ಕಿಲೋಮೀಟರ್ ದಾಟುತ್ತದೆ. ನಮ್ಮ ಕೋಲಾರ ಜಿಲ್ಲೆಯವರಿಗೆ ಇಳಿತವನ್ನು ಅಳೆಯಲು ಬೇರೆ ಕೋಲು ಬೇಡ, ಕೆಜಿಎಫ್ ಇದೆ. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ತಳ ಸುಮಾರು 10,500 ಅಡಿ, ಅಂದರೆ 3.2 ಕಿಲೋಮೀಟರ್ ಆಳ. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಮೀರುತ್ತಿತ್ತು. ನಮ್ಮ ಪೈಲ್ವಾನ್ ಹುಡುಗ ತನ್ನ ಎದೆಯನ್ನು ಆ ತಳಕ್ಕೆ 260 ಸಲ ಇಳಿಸಿ, 260 ಸಲ ಮೇಲೆತ್ತಿದ್ದಾನೆ! ಅದೂ ಅಂಗೈ ಎರಡನ್ನೂ ನೆಲದಿಂದ ಎತ್ತದೆ.

ಇಂಥ ದೇಹವೊಂದು ಸಿನಿಮಾಕ್ಕೆ ಬಂದರೆ ಸಿನಿಮಾ ಅದನ್ನು ಎಷ್ಟು ಬಳಸಿಕೊಳ್ಳುತ್ತದೆ? ಕನ್ನಡದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಎಂ.ಪಿ. ಶಂಕರ್ ಅವರ ಚಿತ್ರಗಳನ್ನೇ ನೋಡಬೇಕು. ಮೈಸೂರಿನವರು, 1935ರಲ್ಲಿ ಹುಟ್ಟಿದವರು, ಗರಡಿಯ ಮಣ್ಣಿನಿಂದ ನೇರವಾಗಿ ಬೆಳ್ಳಿತೆರೆಗೆ ಬಂದವರು. ಹುಣಸೂರು ಕೃಷ್ಣಮೂರ್ತಿಯವರ 'ರತ್ನಮಂಜರಿ' (1962) ಅವರ ಮೊದಲ ಚಿತ್ರ. ಅದೇ 1962ರಲ್ಲೇ ಮುಂಬೈಯಲ್ಲಿ ದಾರಾಸಿಂಗ್ ಅವರ 'ಕಿಂಗ್ ಕಾಂಗ್' ತೆರೆಕಂಡಿತು. ಒಂದೇ ವರ್ಷ ಇಬ್ಬರು ಪೈಲ್ವಾನರು, ಎರಡು ದಾರಿ. ದಾರಾಸಿಂಗ್ ನಾಯಕರಾದರು, ಮುಂದೆ 1968ರಲ್ಲಿ ಮುಂಬೈಯಲ್ಲೇ ಕುಸ್ತಿಪಟು ಲೂ ಥೆಸ್ಜ್‌ನನ್ನು ಮಣಿಸಿದರು, 1987ರ ಹೊತ್ತಿಗೆ ದೂರದರ್ಶನದ ರಾಮಾಯಣದಲ್ಲಿ ಇಡೀ ದೇಶಕ್ಕೆ ಹನುಮಂತನಾದರು. ಶಂಕರ್ ಅವರಿಗೆ ಸಿಕ್ಕಿದ್ದು ಬಹುಪಾಲು ಖಳನ ಪಾತ್ರ. ಗರಡಿಯಲ್ಲಿ ಬೀಳದಿರುವುದನ್ನು ಕಲಿತವರಿಗೆ ಸಿನಿಮಾ ಸಂಬಳ ಕೊಟ್ಟದ್ದು ಬೀಳುವುದಕ್ಕೆ. ಕುಸ್ತಿಯ ಒಂದು ಪಟ್ಟೂ ಗೊತ್ತಿಲ್ಲದ ನಾಯಕನ ಏಟಿಗೂ ನೂರು ಕಿಲೋ ದೇಹ ಹಾರಿ ಬೀಳಬೇಕು, ಅದು ನಿಜವೆಂದು ಗಾಂಧಿ ಕ್ಲಾಸಿನವರು ನಂಬಬೇಕು.

ಈಗ ಸಿನಿಮಾದ ಅಳತೆಯನ್ನೂ ತೆಗೆದುಕೊಳ್ಳೋಣ. ಡಿಜಿಟಲ್‌ಗೆ ಮುಂಚಿನ 35 ಎಂಎಂ ರೀಲು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತಿತ್ತು. ಒಂದು ಅಡಿ ರೀಲಿನಲ್ಲಿ 16 ಚಿತ್ರ. ನಿಮಿಷಕ್ಕೆ 90 ಅಡಿ. ಮೂರು ಗಂಟೆಯ ಚಿತ್ರವೆಂದರೆ 16,200 ಅಡಿ, ಹತ್ತಿರ ಹತ್ತಿರ 5 ಕಿಲೋಮೀಟರ್. ಆ ರೀಲನ್ನು ಬಿಚ್ಚಿ ಚಾಂಪಿಯನ್ ರೀಫಿಗೆ ಇಳಿಬಿಟ್ಟರೆ (ಅದು ಒಂದೇ ನೇರ ಬಾವಿಯಲ್ಲ, ಹಂತಹಂತವಾಗಿ ಇಳಿಯುವ ಶಾಫ್ಟುಗಳು, ಆದರೂ ಲೆಕ್ಕಕ್ಕೆ ನೇರವೇ ಇರಲಿ) ಇಂಟರ್‌ವಲ್ ಕಳೆದು ಸ್ವಲ್ಪ ಹೊತ್ತಿಗೆ, 1 ಗಂಟೆ 57ನೆಯ ನಿಮಿಷದ ದೃಶ್ಯ ಗಣಿಯ ತಳ ಮುಟ್ಟುತ್ತದೆ. ಇನ್ನೂ 5,700 ಅಡಿ ಸಿನಿಮಾ ಮೇಲೆ ಸುರುಳಿಯಲ್ಲೇ ಉಳಿದಿರುತ್ತದೆ. ದೇಶದ ಅತಿ ಆಳದ ಗಣಿಗಿಂತ ನಮ್ಮ ಪೌರಾಣಿಕ ಚಿತ್ರಗಳೇ ಉದ್ದ.

ಹಾಗೆ ಮೂರು ಗಂಟೆ ಮೀರಿದ ಒಂದು ಚಿತ್ರ 1965ರ 'ಸತ್ಯ ಹರಿಶ್ಚಂದ್ರ'. ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ. ಶಂಕರ್ ಅವರದು ಸುಡುಗಾಡಿನ ಒಡೆಯ ವೀರಬಾಹು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಪ್ರೇಕ್ಷಕರಿಗೆ ಈ ಕಥೆ ಎರಡು ಸಲ ಬಂತು ಎನ್ನಬೇಕು; ಅದೇ ವಿಜಯಾ ಸಂಸ್ಥೆ ಅದೇ ವರ್ಷ ಎನ್.ಟಿ. ರಾಮರಾವ್ ಅವರನ್ನು ಹಾಕಿಕೊಂಡು ತೆಲುಗಿನಲ್ಲೂ ಹರಿಶ್ಚಂದ್ರನನ್ನು ತೆಗೆಯಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಈ ಗಡಿಯ ಜನ ಎರಡನ್ನೂ ತೂಗಿ ನೋಡಬಲ್ಲವರು. ತೂಕ ಕನ್ನಡದ ಕಡೆಗೇ ವಾಲಿತು. ಚಿತ್ರ ಗೆದ್ದದ್ದೂ ಕನ್ನಡದ್ದೇ. ಅದಕ್ಕೆ ರಾಜ್‌ಕುಮಾರ್ ಮೊದಲ ಕಾರಣವಾದರೆ ವೀರಬಾಹು ಎರಡನೆಯದು ಎಂದೇ ನಾನು ಹೇಳುತ್ತೇನೆ. ಕುಲದ ಮೇಲುಕೀಳನ್ನು ಕುಡಿದ ಮತ್ತಿನಲ್ಲಿ ಕುಣಿಯುತ್ತ ಗೇಲಿ ಮಾಡುವ ಆ ಹಾಡು ಶಂಕರ್ ಅವರದೇ. ಹಿಂದಿನ ದನಿ ತೆಲುಗಿನ ಘಂಟಸಾಲ ಅವರದು. ಅಷ್ಟು ಭಾರದ ದೇಹ ಅಷ್ಟು ಹಗುರವಾಗಿ ಹೆಜ್ಜೆ ಹಾಕುವುದನ್ನು ನೋಡಿ. ಗರಡಿಯಲ್ಲಿ ಕಾಲು ಕಿತ್ತು ಕಾಲು ಇಡುವುದನ್ನು ಕಲಿತವನಿಗೆ ಮಾತ್ರ ಬರುವ ಹಗುರ ಅದು.

ಹಾಡು ನಾಲ್ಕು ನಿಮಿಷ ಎಂದು ಹಿಡಿದರೆ 360 ಅಡಿ ರೀಲು, 5,760 ಚಿತ್ರ. ಇಡೀ ಸಿನಿಮಾದ 45ರಲ್ಲಿ ಒಂದು ಪಾಲೂ ಆಗುವುದಿಲ್ಲ. ಆದರೆ ಇಲ್ಲಿ ಒಂದು ವಿಶೇಷವಿದೆ. ಶಂಕರ್ ಅವರ ಎಷ್ಟೋ ಪಾತ್ರಗಳು ನಾಯಕನ ಕೈಯಲ್ಲಿ ಸೋತವು. ವೀರಬಾಹು ಸೋಲುವುದಿಲ್ಲ. ನಾಯಕನೇ ಮಾರಾಟಕ್ಕೆ ಬಂದು ನಿಲ್ಲುತ್ತಾನೆ, ಚಕ್ರವರ್ತಿಯನ್ನು ಈತ ದುಡ್ಡು ಕೊಟ್ಟು ಕೊಳ್ಳುತ್ತಾನೆ, ಸುಡುಗಾಡು ಕಾಯಲು ಹಚ್ಚುತ್ತಾನೆ. ಒಂದು ಏಟನ್ನೂ ಹೊಡೆಯದೆ ಗೆದ್ದ ಕುಸ್ತಿ.

ಈ ಕಪ್ಪುಬಿಳುಪು ಚಿತ್ರಕ್ಕೆ 43 ವರ್ಷದ ಮೇಲೆ, 2008ರಲ್ಲಿ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದರು. ಮೂರು ಗಂಟೆ ಎಂದರೆ 2,59,200 ಚಿತ್ರ. ಒಬ್ಬ ಚಿತ್ರಕಾರ ಕುಂಚ ಹಿಡಿದು ಐದು ನಿಮಿಷಕ್ಕೊಂದರಂತೆ, ದಿನಕ್ಕೆ ಎಂಟು ಗಂಟೆ, ಭಾನುವಾರವೂ ಬಿಡದೆ ಕೂತರೆ 2,700 ದಿನ ಬೇಕು. ಏಳು ವರ್ಷ ನಾಲ್ಕೈದು ತಿಂಗಳು! ಕಂಪ್ಯೂಟರು ಅಷ್ಟು ಕಾಯಿಸಲಿಲ್ಲ. ವೀರಬಾಹುವಿನ ಮೈಗೂ ಬಣ್ಣ ಬಂತು. ಅದೇ 2008ರಲ್ಲಿ ಶಂಕರ್ ತೀರಿಕೊಂಡರು.

'ನಾಗರಹಾವು' (1972) ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಶಂಕರ್ ಅವರನ್ನು ಗರಡಿ ಉಸ್ತಾದನನ್ನಾಗಿ ಮಾಡಿದರು, ಶಂಕರ್ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ರಾಮಾಚಾರಿಯ ಸಿಟ್ಟು, ಚಿತ್ರದುರ್ಗದ ಬಂಡೆ, ಚಾಮಯ್ಯ ಮೇಷ್ಟ್ರ ಮಮತೆ ಇವುಗಳ ನಡುವೆ ಉಸ್ತಾದನಿಗೆ ಜಾಗ ಕಡಿಮೆ. ಸಿಕ್ಕಷ್ಟರಲ್ಲಿ ಆತ ನಟಿಸುತ್ತಿದ್ದಾನೆ ಅನ್ನಿಸುವುದೇ ಇಲ್ಲ, ಅದೇ ಹೊಗಳಿಕೆ.

ಇವರ ನಿಜವಾದ ತೂಕ ಗೊತ್ತಾಗುವುದು 'ಭೂತಯ್ಯನ ಮಗ ಅಯ್ಯು' (1974) ಚಿತ್ರದಲ್ಲಿ. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, ಅಯ್ಯು ಆಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್. ಶಂಕರ್ ಭೂತಯ್ಯ. ಊರಿನ ಜಮೀನನ್ನೆಲ್ಲ ಬಡ್ಡಿಯಲ್ಲಿ ನುಂಗಿದ ಈ ಸಾಹುಕಾರನ ಪಾತ್ರದಲ್ಲಿ ಪೈಲ್ವಾನನ ಒಂದು ಪಟ್ಟೂ ಇಲ್ಲ, ತೊಡೆ ತಟ್ಟುವುದಿಲ್ಲ. ಇರುವುದು ಕಣ್ಣು, ದನಿ ಮತ್ತು ಕೂತಲ್ಲೇ ಕೂತು ಊರನ್ನು ಅದುಮುವ ಶಕ್ತಿ. ನನ್ನ ಮಟ್ಟಿಗೆ ಶಂಕರ್ ಅವರ ಅತ್ಯುತ್ತಮ ಅಭಿನಯ ಇದೇ. ಲಕ್ಷಾಂತರ ದಂಡ ಹೊಡೆದು ಕಟ್ಟಿದ ದೇಹವನ್ನು ಅಲ್ಲಾಡಿಸದೆ ಇಟ್ಟರೆ ಎಷ್ಟು ಹೆದರಿಕೆ ಹುಟ್ಟುತ್ತದೆ ಎಂದು ಸಿದ್ದಲಿಂಗಯ್ಯನವರಿಗೆ ಗೊತ್ತಿತ್ತು. ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಯಾರೂ ಬರುವುದಿಲ್ಲ. ಬೇಕಾದದ್ದು ನಾಲ್ಕು ಹೆಗಲು. ಊರಿನಲ್ಲಿ ನೂರಾರು ಇವೆ, ಬಂದದ್ದು ಸೊನ್ನೆ. ಈ ಲೇಖನದ ಲೆಕ್ಕಗಳಲ್ಲೆಲ್ಲ ನನ್ನನ್ನು ಹೆಚ್ಚು ಬೆಚ್ಚಿಬೀಳಿಸುವುದು ಈ ಸೊನ್ನೆಯೇ.

ಇದೇ ಚಿತ್ರದಲ್ಲಿ ಉಪ್ಪಿನಕಾಯಿ ನೆಕ್ಕುವ ಪುಟ್ಟ ದೃಶ್ಯವೊಂದರಿಂದ ಲೋಕನಾಥ್ ಜೀವಮಾನವಿಡೀ 'ಉಪ್ಪಿನಕಾಯಿ ಲೋಕನಾಥ್' ಆಗಿಬಿಟ್ಟರು. ಸಿನಿಮಾದಲ್ಲಿ ನಿಮಿಷಕ್ಕೂ ನೆನಪಿಗೂ ಯಾವ ತ್ರೈರಾಶಿಯೂ ಕೂಡಿಬರುವುದಿಲ್ಲ.

ಕ್ಯಾಮೆರಾದ ಮುಂದೆ ಬಲಕ್ಕೂ ಬಲದ ನೋಟಕ್ಕೂ ಎಷ್ಟು ದೂರ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಸಾಕು. ಏಳಡಿ ನಾಲ್ಕಂಗುಲ, 235 ಕಿಲೋ ಎಂದು ಅಖಾಡದಲ್ಲಿ ಸಾರಿಸಿಕೊಳ್ಳುತ್ತಿದ್ದ ಆಂಡ್ರೆ ದ ಜೈಂಟ್ 1987ರಲ್ಲಿ 'ದ ಪ್ರಿನ್ಸೆಸ್ ಬ್ರೈಡ್' ಚಿತ್ರದಲ್ಲಿ ನಟಿಸಿದ. ನಾಯಕಿ ಕಿಟಕಿಯಿಂದ ಹಾರಿ ಅವನ ತೋಳಿಗೆ ಬೀಳುವ ದೃಶ್ಯಕ್ಕೆ ಆಕೆಯನ್ನು ತಂತಿ ಕಟ್ಟಿ ಇಳಿಸಿದರು. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದ ಆ ದೈತ್ಯನಿಗೆ ಒಬ್ಬ ತೆಳ್ಳನೆಯ ಹುಡುಗಿಯ ಭಾರ ಹೊರುವಂತಿರಲಿಲ್ಲ. ತೆರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಶಂಕರ್ ಬೇರೆಯವರ ಕಥೆಗಳಲ್ಲಿ ಬಿದ್ದು ಬಿದ್ದು ಸಾಕಾಗಿತ್ತೋ ಏನೋ, ತಾವೇ ನಿರ್ಮಾಪಕರಾಗಿ ಕಾಡಿನ ಕಡೆ ಹೊರಟರು. ಅವರ 'ಗಂಧದ ಗುಡಿ' (1973) ರಾಜ್‌ಕುಮಾರ್ ಅವರ 150ನೆಯ ಚಿತ್ರ. ಕಳ್ಳಬೇಟೆ, ಮರಗಳ್ಳರು, ಅರಣ್ಯಾಧಿಕಾರಿ ನಾಯಕ. ಆ ವರ್ಷದ ಹಿನ್ನೆಲೆ ಗಮನಿಸಬೇಕು: 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿ 1,827. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು, ಮೊದಲ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದೇ ವರ್ಷ ಚಿತ್ರ ಬಂತು. ಸರ್ಕಾರದ ಕಡತ ತಲುಪದ ಹಳ್ಳಿಗಳಿಗೆ ರೀಲಿನ ಡಬ್ಬಿ ತಲುಪಿತು. ಕಾಡು ಕಾಣದ ಬಯಲುಸೀಮೆಯ ನಮ್ಮ ಮಾಲೂರಿನ ಟೆಂಟಿನಲ್ಲೂ ಆನೆ ಘೀಳಿಟ್ಟಿರಬೇಕು. 2022ರ ಅಂದಾಜಿನಲ್ಲಿ ಕರ್ನಾಟಕ ಒಂದರಲ್ಲೇ 563 ಹುಲಿಗಳಿವೆ. ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರವೂ ಅದೇ ಹೆಸರು ಹೊತ್ತು ಬಂತು. ಚಿತ್ರವಾಗಿ ಹಳೆಯ 'ಗಂಧದ ಗುಡಿ'ಯಲ್ಲಿ ಕೊರತೆಗಳಿವೆ. ತಾಯಿ, ಬೇರೆಯಾದ ಮಗ ಎಂಬ ಎಳೆ ಆಗಲೇ ಸವೆದಿತ್ತು. ಕಾಡಿನ ದೃಶ್ಯಗಳು ಮಾತ್ರ ಇವತ್ತಿಗೂ ನಿಲ್ಲುತ್ತವೆ.

ಶಂಕರ್ ನಟಿಸಿದ್ದು ಒಟ್ಟು ನೂರಕ್ಕೂ ಹೆಚ್ಚು ಚಿತ್ರಗಳು. ಒಂದಕ್ಕೆ ಎರಡೂವರೆ ಗಂಟೆಯಂತೆ ನೂರಕ್ಕೆ 15,000 ನಿಮಿಷ, ಹದಿಮೂರೂವರೆ ಲಕ್ಷ ಅಡಿ ರೀಲು, 411 ಕಿಲೋಮೀಟರ್. ಕೋಲಾರದಿಂದ ಹಾಸುತ್ತ ಹೋದರೆ ಬೆಂಗಳೂರು ದಾಟಿ ಮೈಸೂರು ಮುಟ್ಟಿ, ಹಿಂತಿರುಗಿ ಬರುತ್ತ ನರಸಾಪುರದ ಹತ್ತಿರ ಮುಗಿಯುತ್ತದೆ. ಇಷ್ಟರಲ್ಲಿ ಜನರ ಬಾಯಲ್ಲಿ ಉಳಿದದ್ದು ಆ ನಾಲ್ಕು ನಿಮಿಷದ ಹಾಡು ಮಾತ್ರ ಎಂದು ಜಿಪುಣತನದಿಂದಲೇ ಲೆಕ್ಕ ಹಾಕೋಣ. 3,750ಕ್ಕೆ ಒಂದು ಪಾಲು. ಕಡಿಮೆ ಅನ್ನಿಸುತ್ತದೆಯೇ? ಕೋಲಾರದ ಗಣಿಗಳು ಆರಂಭದಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ 5 ಕೋಟಿ 10 ಲಕ್ಷ ಟನ್ ಅದಿರು ಅಗೆದು ತೆಗೆದ ಚಿನ್ನ ಸುಮಾರು 800 ಟನ್. ಟನ್ನು ಕಲ್ಲಿಗೆ ಹದಿನಾರು ಗ್ರಾಂ ಅಷ್ಟೇ, ಅಂದರೆ 62,500ಕ್ಕೆ ಒಂದು ಪಾಲು. ಜಗತ್ತು ಆ ಅದಿರನ್ನು ಶ್ರೀಮಂತ ಎಂದು ಕರೆಯಿತು. ಶಂಕರ್ ಅವರ ರೀಲು ಅದಕ್ಕಿಂತ ಹದಿನಾರು ಪಟ್ಟಿಗೂ ಹೆಚ್ಚು ಶ್ರೀಮಂತ. ಭೂತಯ್ಯನನ್ನು ಇನ್ನೂ ಸೇರಿಸಿಯೇ ಇಲ್ಲ.

ಈಗಿನ ಕಾಲದ ಅಂಕಿಗಳು ಇನ್ನೊಂದು ಬಗೆಯವು. ನಮ್ಮ ಗಣಿಯ ಹೆಸರಿಟ್ಟುಕೊಂಡ 'ಕೆಜಿಎಫ್ ಚಾಪ್ಟರ್ 2' 2022ರಲ್ಲಿ ಸುಮಾರು 1,200 ಕೋಟಿ ರೂಪಾಯಿ ಗಳಿಸಿತು ಎನ್ನುತ್ತಾರೆ. ಆ ವರ್ಷದ ದರ ಗ್ರಾಮಿಗೆ 5,000 ಎಂದು ಹಿಡಿದರೆ ಅಷ್ಟು ದುಡ್ಡಿಗೆ ಬರುವ ಚಿನ್ನ 2.4 ಟನ್. ಗಣಿ ಕೊಟ್ಟ 800 ಟನ್ನಿಗೆ ಸಮ ಆಗಬೇಕಾದರೆ ಅಂಥ 333 ಚಿತ್ರಗಳು ಗೆಲ್ಲಬೇಕು. ಗಣಿಯೊಳಗೆ ಇಳಿದವರಿಗೆ ಅದರಲ್ಲಿ ಎಷ್ಟು ಗ್ರಾಂ ಸಿಕ್ಕಿತು ಎಂದು ಕೇಳಿದರೆ ರಾಬರ್ಟ್‌ಸನ್‌ಪೇಟೆಯಲ್ಲಿ ಉತ್ತರ ಹೇಳುವವರಿದ್ದಾರೆ, ಅದು ಬೇರೆ ಲೇಖನ.

'ಕೆಜಿಎಫ್' ಮೊದಲ ಭಾಗದಲ್ಲಿ ಗರುಡನಾಗಿ ನಿಂತ ರಾಮಚಂದ್ರ ರಾಜು ನಟನೆಗೆ ಬರುವ ಮುಂಚೆ ಯಶ್ ಅವರ ಅಂಗರಕ್ಷಕರಾಗಿದ್ದವರು. ಪೈಲ್ವಾನರಲ್ಲ, ಆದರೂ ದೇಹವೇ ಬಂಡವಾಳವಾಗಿ ತೆರೆಗೆ ಬಂದವರು. 2019ರ 'ಪೈಲ್ವಾನ್' ಹೊತ್ತಿಗಂತೂ ದಾರಿಯೇ ತಿರುಗಿತ್ತು. ಅಲ್ಲಿ ಪೈಲ್ವಾನ ನಟನಾಗಲಿಲ್ಲ, ಸುದೀಪ್ ಎಂಬ ನಟ ಮೈ ಹುರಿಗಟ್ಟಿಸಿಕೊಂಡು ಪೈಲ್ವಾನನಾದರು. ಗೆಲ್ಲುವ ದೇಹವೂ ನಾಯಕನದೇ ಆದಮೇಲೆ ಖಳನ ಪಾಲಿಗೆ ಉಳಿಯುವುದು ಬೀಳುವ ಕೆಲಸ. ಗರುಡನೂ ಕೊನೆಗೆ ಬಿದ್ದದ್ದು ನಾಯಕನ ಕೈಯಲ್ಲೇ. ನಾಯಕನನ್ನು ದುಡ್ಡು ಕೊಟ್ಟು ಕೊಂಡು ಆಳಾಗಿ ದುಡಿಸಿಕೊಳ್ಳುವ ಯೋಗ ವೀರಬಾಹುವಿಗೆ ಇದ್ದಂತೆ ಅವನಿಗೆ ಇರಲಿಲ್ಲ.