ಕೆರೆಗೆ ಬಂದ ಬಾತು, ಹೊಲದ ಮೇಲಿನ ಗಿಡಗ: ವಿಷ ಇಡೋ ಮೊದಲು ಒಮ್ಮೆ ನೋಡಿ

ಹಿಂಗಾರಿ ಕಡಲೆ ನಾಟಿಕೊಂಡು ಮೇಲೇಳುವ ಹೊತ್ತಿಗೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ಹಕ್ಕಿಗಳಿಂದ ತುಂಬಿಹೋಗುತ್ತದೆ. ನೋಡೋಕೆ ಬಂದವರು ಫೋಟೋ ತೆಗೆದು ಖುಷಿಪಡ್ತಾರೆ. ಕೆರೆ ಸುತ್ತ ಹೊಲ ಇರೋ ನಮಗೆ ಮಾತ್ರ 'ಈ ಸಲ ಎಷ್ಟು ಮೇಯ್ತಾವೋ' ಅನ್ನೋ ಚಿಂತೆ. ಹಕ್ಕಿ ನೋಡೋದು ಕಲಿತ ಮೇಲೆ ನನ್ನ ಚಿಂತೆ ಅರ್ಧ ಇಳಿದಿದೆ. ಅದು ಹೇಗೆ ಅಂತ ಈ ವಾರ ಹೇಳ್ತೀನಿ.

ಬರೋ ಹಕ್ಕಿಗಳು ಯಾವುವು?

ಮುಖ್ಯವಾದದ್ದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಇಲ್ಲಿರುತ್ತವೆ. ಜೊತೆಗೆ ಸೂಜಿಯಂಥ ಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತುಗಳೂ ಬರುತ್ತವೆ. ನೀರಾವರಿಗೆ ಕಟ್ಟಿದ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಘೋಷಣೆಯಾಯಿತು.

ಬಾತುಗಳ ಹಿಂದೆಯೇ ಬೇಟೆ ಹಕ್ಕಿಗಳೂ ಬರುತ್ತವೆ. ನಾವು ಎಲ್ಲವನ್ನೂ 'ಗಿಡಗ' ಅಂತ ಕರೆದುಬಿಡ್ತೀವಿ. ಇವುಗಳಲ್ಲಿ 'ಸೆಳೆವ' ಅನ್ನೋ ಗುಂಪನ್ನು ಗುರುತಿಸೋದು ಸುಲಭ. ಊರ ಹದ್ದು ಎತ್ತರದಲ್ಲಿ ಸುತ್ತುತ್ತದೆ, ಅದರ ಬಾಲ ಕವಲೊಡೆದಿರುತ್ತದೆ. ಸೆಳೆವ ಉದ್ದ ಬಾಲದ್ದು. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಬೆಳೆಯ ಮೇಲೆ ಕೆಳಮಟ್ಟದಲ್ಲೇ ತೇಲುತ್ತಾ ಹೋಗುತ್ತದೆ. ಇಲಿ, ಮಿಡತೆ, ಓತಿಕ್ಯಾತ, ಸಣ್ಣ ಹಕ್ಕಿ ಇದರ ಆಹಾರ.

ನೋಡೋದು ಯಾವಾಗ?

ಹೆಬ್ಬಾತು ಹಗಲೆಲ್ಲಾ ನೀರಲ್ಲಿ ವಿಶ್ರಾಂತಿ ಪಡೆದು, ಸಂಜೆ ಮೇಲೆ ಹೊಲಗಳಿಗೆ ಮೇಯಲು ಹೋಗಿ, ಬೆಳಗ್ಗೆ ಮರಳುತ್ತದೆ. ಹಾಗಾಗಿ ಮುಂಜಾನೆ ಕೆರೆ ಏರಿ ಮೇಲೆ ಸುಮ್ಮನೆ ಕೂತರೆ, ಯಾವ ದಿಕ್ಕಿನ ಹೊಲದಿಂದ ಬರ್ತಾವೆ ಅನ್ನೋದು ಗೊತ್ತಾಗುತ್ತದೆ. ಸೆಳೆವ ನೋಡಲು ಬೆಳಗಿನ ಬಿಸಿಲು ಏರುವ ಹೊತ್ತು, ಇಳಿಹೊತ್ತು ಒಳ್ಳೆಯದು.

ನಾನು ಮಾಡಿದ ತಪ್ಪು

ಕೆಲವು ವರ್ಷದ ಹಿಂದೆ ನನ್ನ ಕಡಲೆ ಹೊಲದ ಒಂದು ಮೂಲೆ ಬೋಳಾಯಿತು. ಹೆಬ್ಬಾತುಗಳದೇ ಕೆಲಸ ಅಂತ ಬೈದೆ. ಇಲಿಯೂ ಇರಬಹುದು ಅಂತ ಬದುವಿನ ಉದ್ದಕ್ಕೂ ಬ್ರೋಮೋಡಯೋಲೋನ್ ಇಟ್ಟೆ. ಐದಾರು ದಿನ ಬಿಟ್ಟು ನೋಡಿದರೆ ಬದುವಿನ ಪಕ್ಕ ಒಂದು ಸೆಳೆವ ಸತ್ತು ಬಿದ್ದಿತ್ತು. ಪರೀಕ್ಷೆ ಮಾಡಿಸಲಿಲ್ಲ, ಆದರೆ ನನಗೆ ಅನುಮಾನ ಉಳಿದಿಲ್ಲ. ಈ ವಿಷ ತಿಂದ ಇಲಿ ತಕ್ಷಣ ಸಾಯೋದಿಲ್ಲ. ಕೆಲವು ದಿನ ಸುಸ್ತಾಗಿ ಬಯಲಲ್ಲೇ ಓಡಾಡುತ್ತದೆ. ಅಂಥದ್ದು ಬೇಟೆ ಹಕ್ಕಿಗೆ ಸುಲಭದ ತುತ್ತು, ವಿಷವೂ ಅದರ ಹೊಟ್ಟೆ ಸೇರುತ್ತದೆ. ಕೂಲಿ ಇಲ್ಲದೆ ಇಲಿ ಹಿಡಿಯುತ್ತಿದ್ದ ಆಳನ್ನೇ ನಾನು ಕೊಂದಿದ್ದೆ. ಆಮೇಲೆ ಬಗ್ಗಿ ನೋಡಿದರೆ ಆ ಮೂಲೆ ತುಂಬಾ ಇಲಿ ಬಿಲ. ಹೆಬ್ಬಾತಿನ ಒಂದು ಹೆಜ್ಜೆಯೂ ಇರಲಿಲ್ಲ!

ಈಗ ನಾನು ಅನುಸರಿಸೋ ಕ್ರಮ

1. ಮೊದಲು ಹಾನಿ ಯಾರದ್ದು ಅಂತ ತಿಳ್ಕೊಳ್ಳಿ. ಮಂಜು ಬಿದ್ದ ಎರೆ ಮಣ್ಣಲ್ಲಿ ಬಾತಿನ ಜಾಲಪಾದದ ಗುರುತು, ಹಿಕ್ಕೆ ಕಾಣುತ್ತದೆ. ಇಲಿಯಾದರೆ ಬುಡದಲ್ಲಿ ಕತ್ತರಿಸಿದ ಗಿಡ, ಹತ್ತಿರದಲ್ಲೇ ಬಿಲ ಇರುತ್ತದೆ.

2. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ. ಬೆಳಗ್ಗೆ ತೆರೆದಿರೋ ಬಿಲದಲ್ಲಿ ಮಾತ್ರ ಇಲಿ ಇದೆ. ಅಂಥ ಕಡೆ ಬೋನು ಇಡಿ.

3. ವಿಷ ಇಡಲೇಬೇಕಾದರೆ ಬಿಲದ ಒಳಗೆ ಇಟ್ಟು ಬಾಯಿ ಮುಚ್ಚಿ. ಬದುವಿನ ಮೇಲೆ ಚೆಲ್ಲಿದ ವಿಷದ ಕಾಳು ಬಾತಿಗೂ ನವಿಲಿಗೂ ಸಾವು. ಸತ್ತ ಇಲಿಗಳನ್ನು ದಿನಾ ಆರಿಸಿ ಆಳವಾಗಿ ಹೂಳಿ.

4. ಹೆಬ್ಬಾತು ಇಳಿಯೋ ಹೊಲಕ್ಕೆ ಹೊಳೆಯುವ ರಿಬ್ಬನ್ ಕಟ್ಟಿ, ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ಇಲ್ಲವಾದರೆ ಅಭ್ಯಾಸವಾಗಿಬಿಡುತ್ತದೆ. ಗಿಡ ಎಳೆಯದಿರುವಾಗ ರಾತ್ರಿ ಕಾವಲು ಇರಲಿ.

5. ಕಡಲೆಯಲ್ಲಿ ಹಕ್ಕಿ ಕೂರಲು ಕವಲು ಕೋಲು ನೆಡಿ. ನಾನು ಎಕರೆಗೆ 20 ನೆಟ್ಟಿದ್ದೀನಿ. ಹಗಲು ಕಾಜಾಣ ಕೂತು ಕಾಯಿಕೊರಕ ಹುಳು ಹೆಕ್ಕುತ್ತದೆ, ರಾತ್ರಿ ಗೂಬೆ ಕೂತು ಇಲಿ ಹಿಡಿಯುತ್ತದೆ.

ಇನ್ನೊಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಹಕ್ಕಿಗಳನ್ನು ಹಿಡಿಯೋದು, ಕೊಲ್ಲೋದು ಅಪರಾಧ. ಬೆಳೆಹಾನಿ ಹೆಚ್ಚಾದರೆ ಫೋಟೋ ಸಮೇತ ಅರಣ್ಯ ಇಲಾಖೆಗೆ ತಿಳಿಸಿ.

ಈ ಹಿಂಗಾರಿನಲ್ಲಿ ವಾರಕ್ಕೊಂದು ದಿನ, ಅರ್ಧ ಗಂಟೆ ನಿಮ್ಮೂರ ಕೆರೆ ಏರಿ ಮೇಲೆ ಕೂತು ನೋಡ್ರಿ. ಖರ್ಚಿಲ್ಲ, ಮುಂದೆ ಅದೇ ಹೊಲಕ್ಕೆ ದಾರಿ ತೋರಿಸುತ್ತದೆ.